ಸರಿಯಾದ ವಿಳಾಸ

ಮಾರ್ಚ್ 3, ಸೋಮವಾರ

ಇವತ್ತು ಕಚೇರಿಯಲ್ಲಿ ಒಂದು ಗೆಲುವು, ಮನೆಯಲ್ಲಿ ಒಂದು ಗೆಲುವು. ಹೇಳಿಕೊಳ್ಳಲು ಯಾರೂ ಇಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ.

ಮೂರು ವಾರದಿಂದ ನನ್ನ ಮೇಜಿನ ಮೇಲೆ ಕೂತು ನನ್ನನ್ನೇ ಅಣಕಿಸುತ್ತಿದ್ದ ಹಳದಿ ಲಕೋಟೆಗೆ ಇವತ್ತು ದಾರಿ ಸಿಕ್ಕಿತು. ಮೇಲೆ ಬರೆದದ್ದು ಇಷ್ಟೇ: "ದೊಡ್ಡಮ್ಮನಿಗೆ, ಹಸಿರು ಗೇಟಿನ ಮನೆ, ಬೇಕರಿಯ ಹಿಂದೆ." ಊರಿನಲ್ಲಿ ಬೇಕರಿಗಳು ನಲವತ್ತೊಂದು. ರಜೆಯ ದಿನಗಳಲ್ಲಿ ಒಂದೊಂದಾಗಿ ಸುತ್ತಿದೆ. ನಿನ್ನೆ ಹೋದ ಹನ್ನೆರಡನೆಯ ಬೇಕರಿಯ ಹಿಂದಿನ ಗೇಟು ನೀಲಿ. ಬಣ್ಣ ಎದ್ದಿದ್ದ ಕಡೆ ಉಗುರಿನಿಂದ ಕೆರೆದು ನೋಡಿದರೆ ಒಳಗೆ ಹಸಿರು! ಬಾಗಿಲು ತೆಗೆದ ಮುದುಕಿಯನ್ನು "ನೀವು ಯಾರಿಗಾದರೂ ದೊಡ್ಡಮ್ಮನಾ?" ಎಂದು ಕೇಳಿದೆ. "ಏಳು ಜನಕ್ಕೆ" ಎಂದರು. ಇವತ್ತು ಕಚೇರಿಗೆ ಬಂದು ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ ವಿಳಾಸ ಬರೆದೆ. ನಮ್ಮ ವಿಭಾಗದ ನಿಯಮ ಅದು. ವಿಳಾಸ ಖಚಿತವಾದರೆ ಕೆಂಪು ಶಾಯಿ, ಅನುಮಾನವಿದ್ದರೆ ಪೆನ್ಸಿಲ್. ವಿಳಾಸ ತಪ್ಪಿದ ಕಾಗದಗಳಿಗೆ ಮನೆ ಹುಡುಕುವ ಅಂಚೆ ಕಚೇರಿಯ ಆ ಕೋಣೆಯಲ್ಲಿ ನನಗೆ ಮೂವತ್ತು ವರ್ಷ. ನಾನು ಕೆಂಪಿನಲ್ಲಿ ಬರೆದದ್ದು ಒಂದೂ ವಾಪಸು ಬಂದಿಲ್ಲ. ಹರಿದ ಲಕೋಟೆ ಅಂಟಿಸುವ ಸಹೋದ್ಯೋಗಿ, ನಾವೆಲ್ಲ ಗೋಂದು ಎಂದು ಕರೆಯುವವನು, ನನಗೆ ವಿಳಾಸರಾಯ ಎಂದು ಹೆಸರಿಟ್ಟಿದ್ದಾನೆ. ಗೇಲಿಗೇ ಇಟ್ಟದ್ದು. ಆದರೂ ನನಗೇನೂ ಬೇಜಾರಿಲ್ಲ.

ಎರಡನೆಯ ಗೆಲುವು ಸಣ್ಣದು. ನಾನೂ ತಂಗಿಯೂ ದುಡ್ಡು ಇಟ್ಟಿರುವ ಕ್ರಿಪ್ಟೊ ಎಕ್ಸ್‌ಚೇಂಜಿನಿಂದ ಮೇಲ್ ಬಂದಿತ್ತು: "ನಿಮ್ಮ ವಿವರಗಳು ಸರಿಯಿವೆಯೇ ನೋಡಿಕೊಳ್ಳಿ." ನೋಡಿದರೆ ನಾಚಿಕೆಯಾಯಿತು. ಆರು ವರ್ಷದ ಹಿಂದೆ ಹೊರದೇಶದಲ್ಲಿರುವ ತಂಗಿಯ ಹತ್ತಿರ ಮೂರು ತಿಂಗಳು ಇದ್ದಾಗ ತೆರೆದ ಖಾತೆ ಅದು. ಹೆಸರು ನನ್ನದು, ಫೋನ್ ನಂಬರು ಅವಳದು, ವಿಳಾಸ ಆ ದೇಶದಲ್ಲಿ ಅವಳು ಕೆಲಸ ಮಾಡುವ ಮನೆಯದು. ಊರಿಗೆಲ್ಲ ವಿಳಾಸ ತಿದ್ದುವ ನಾನು ಆರು ವರ್ಷ ತಪ್ಪು ವಿಳಾಸದಲ್ಲಿ ಬದುಕಿದ್ದೇನೆ! ಕೂಡಲೇ ಅಳಿಸಿ ನಾನು ಬಾಡಿಗೆಗಿರುವ ಈ ಕೋಣೆಯ ವಿಳಾಸ ಹಾಕಿದೆ, ಬಾಡಿಗೆ ಕರಾರಿನ ಫೋಟೊ ಸಮೇತ. ಫೋನ್ ನಂಬರು ಸುಳ್ಳಲ್ಲವಲ್ಲ, ಹಾಗೇ ಬಿಟ್ಟೆ. "ದೃಢೀಕರಣಕ್ಕೆ ಕಾಯುತ್ತಿದೆ" ಎಂದಿತು. ಊಟ ಮುಗಿಸಿ ಬಂದು ನೋಡಿದರೆ ಹಸಿರು ಗುರುತು.

ಗೋಂದುವಿಗೆ ಹೇಳಿದರೆ ಹುಚ್ಚನ ಹಾಗೆ ನಗುತ್ತಾನೆ. ಅವನ ಖಾತೆಯ ಪ್ರಕಾರ ಅವನು ಯಾವುದೋ ದ್ವೀಪದ ಹೋಟೆಲಿನಲ್ಲಿ ವಾಸವಾಗಿದ್ದಾನೆ.

ಮಾರ್ಚ್ 10, ಸೋಮವಾರ

ಕೊಡೆ ತಾತ ಬಂದಿದ್ದರು. ಸೋಮವಾರ ತಪ್ಪಿಸುವುದಿಲ್ಲ, ಬಿಸಿಲಿರಲಿ ಮೋಡವಿರಲಿ ಕೊಡೆ ಬಿಡುವುದಿಲ್ಲ. ಹೊರದೇಶದಲ್ಲಿರುವ ಮೊಮ್ಮಗಳು ಅವರಿಗೆ ಕಾಗದ ಬರೆಯುತ್ತಾಳೆ. ಅವಳ ಅಕ್ಷರ ಎಷ್ಟು ಚಂದ ಎಂದರೆ ಪ್ರತಿ ಕಾಗದವೂ ನಮ್ಮ ಕೋಣೆಗೇ ಬಂದು ಬೀಳುತ್ತದೆ. ಇವತ್ತು ಏನೂ ಇರಲಿಲ್ಲ. ಸುಮ್ಮನೆ ಕಳಿಸಲು ಮನಸ್ಸಾಗಲಿಲ್ಲ. ಕೂರಿಸಿ ಚಹಾ ಕೊಟ್ಟು, ಅವರೆದುರಿಗೇ ಎರಡು ಚೀಲ ಸುರಿದು ಹುಡುಕಿದೆ.

ತಂಗಿ ಫೋನ್ ಮಾಡಿದ್ದಳು. ಅವಳ ಕೆಲಸದ ಕರಾರು ಏಪ್ರಿಲ್ ಕೊನೆಗೆ ಮುಗಿಯುತ್ತದೆ. ಹನ್ನೊಂದು ವರ್ಷ ಬೇರೆಯವರ ಮುದುಕರನ್ನು ಎತ್ತಿ ಮಲಗಿಸಿ, ಬೇರೆಯವರ ಮನೆಯ ಮೂಲೆಯ ಕೋಣೆಯಲ್ಲಿ ಮಲಗಿದ್ದು ಸಾಕಾಯಿತಂತೆ. ಅವಳಿಗಾಗಿ ಇಲ್ಲಿ ಕೊಳ್ಳಲು ನೋಡಿರುವ ಟೀಚರಮ್ಮನ ಮನೆಗೆ ಮುಂಗಡ ಕೊಟ್ಟಾಗಿದೆ, ಉಳಿದದ್ದನ್ನು ಏಪ್ರಿಲ್ ಮೂವತ್ತರೊಳಗೆ ಕೊಡಬೇಕು. ಎರಡು ಕೋಣೆ, ಅಡುಗೆಮನೆಗೆ ಕಿಟಕಿ.

"ಕಿಟಕಿಯಿಂದ ಏನು ಕಾಣತ್ತೆ ಅಣ್ಣ?"

"ಪಕ್ಕದ ಮನೆ ಗೋಡೆ ಕಾಣತ್ತೆ."

"ಕಾಣ್ಲಿ ಬಿಡು. ನನ್ನ ಕಿಟಕಿ, ನನ್ನ ಗೋಡೆ. ಅದೆಷ್ಟು ಹೊತ್ತು ನೋಡ್ತಾ ನಿಂತ್ರೂ ಯಾರೂ ಬೆಲ್ ಒತ್ತಿ ಕರೆಯಲ್ಲ."

ಮಾರ್ಚ್ 12, ಬುಧವಾರ

ಮಧ್ಯಾಹ್ನ ಎಲ್ಲರ ಫೋನೂ ಒಟ್ಟಿಗೆ ಕುಂಯ್‌ಗುಟ್ಟಿತು. ಹೊರಗಿನ ದೇಶಗಳೆಲ್ಲ ಸೇರಿ ನಮ್ಮ ದೇಶದ ಮೇಲೆ ನಿರ್ಬಂಧ ಹಾಕಿವೆ. ದೊಡ್ಡವರು ದೊಡ್ಡವರಿಗೆ ಹಾಕಿದ ಬರೆ, ನಮಗೇನು ಎಂದುಕೊಂಡು ಅಂಚೆಚೀಟಿ ಎಣಿಸುತ್ತಿದ್ದೆ. ಗೋಂದು ಓಡಿ ಬಂದ.

"ವಿಳಾಸರಾಯರೇ, ನಿಮ್ದು ಯಾವ ವಿಳಾಸದಲ್ಲಿದೆ?"

"ಯಾವುದು?"

"ಕ್ರಿಪ್ಟೊ ಸ್ವಾಮಿ! ಈ ದೇಶದ ವಿಳಾಸ ಇರೋರ ಖಾತೆ ಎಲ್ಲಾ ಮುಚ್ತಾ ಇದಾರೆ. ನಂದು ದ್ವೀಪದಲ್ಲಿದೆ, ಬಚಾವಾದೆ. ನಿಮ್ದು ತಂಗಿ ಮನೇದು ತಾನೆ?"

"ಹೌದು" ಎಂದುಬಿಟ್ಟೆ. ಯಾಕೆ ಹಾಗೆಂದೆನೋ ತಿಳಿಯದು.

ಖಾತೆ ತೆರೆದೆ. ಎಲ್ಲ ಅಲ್ಲೇ ಇದೆ, ಒಂದು ಚೂರೂ ಕದಲಿಲ್ಲ. ಆದರೆ "ಹಿಂಪಡೆಯಿರಿ" ಎಂಬ ಗುಂಡಿ ಬೂದಿ ಬಣ್ಣಕ್ಕೆ ತಿರುಗಿದೆ. ಒತ್ತಿದೆ, ಮತ್ತೆ ಒತ್ತಿದೆ. "ನಿಮ್ಮ ವಾಸಸ್ಥಳದ ಕಾರಣ ಈ ಸೇವೆ ಸ್ಥಗಿತವಾಗಿದೆ."

ಒಂಬತ್ತು ದಿನ. ಒಂಬತ್ತು ದಿನ ನನ್ನ ಕೈ ಸುಮ್ಮನಿದ್ದಿದ್ದರೆ ಸಾಕಿತ್ತು.

ಮಾರ್ಚ್ 13, ಗುರುವಾರ

ರಜೆ ಹಾಕಿದೆ. ಇಡೀ ದಿನ ಆ ಖಾತೆಯ ಮುಂದೆಯೇ ಕೂತಿದ್ದೆ. ತಂಗಿಯ ಹಳೆಯ ವಿಳಾಸವನ್ನೇ ಮತ್ತೆ ಹಾಕಲು ನೋಡಿದೆ. ಬದುಕಿನಲ್ಲಿ ಮೊದಲ ಸಲ ಬೇಕೆಂದೇ ತಪ್ಪು ವಿಳಾಸ ಬರೆದೆ. ಅದು ಒಪ್ಪಲಿಲ್ಲ. ದಾಖಲೆ ಕೊಡಿ ಎಂದಿತು. ಮುಖ ತೋರಿಸಿ ಎಂದಿತು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಕಣ್ಣು ಮಿಟುಕಿಸಿ. ಎಲ್ಲ ಮಾಡಿದೆ. ಮುಖ ನನ್ನದೇ ಎಂದು ಒಪ್ಪಿತು, ವಿಳಾಸ ಮಾತ್ರ ಆಗದು ಎಂದಿತು.

ಆ ದುಡ್ಡಿನಲ್ಲಿ ನನ್ನದು ಚಿಟಿಕೆಯಷ್ಟು. ಉಳಿದದ್ದೆಲ್ಲ ಅವಳದು. ನಮ್ಮ ನೋಟಿನ ಬೆಲೆ ದಿನಕ್ಕೊಂದು, ಬ್ಯಾಂಕಿನಲ್ಲಿಟ್ಟರೆ ಕರಗುತ್ತದೆ, ಇದರಲ್ಲಿಡೋಣ ಎಂದವನು ನಾನು. "ನಿಂಗೆ ಸರಿ ಅನ್ಸಿದ್ರೆ ಸರಿ" ಎಂದಿದ್ದಳು.

ಮಾರ್ಚ್ 15, ಶನಿವಾರ

ಸಹಾಯ ಕೇಂದ್ರಕ್ಕೆ ಬರೆದೆ. ನಾಲ್ಕು ಪುಟ. ತಂಗಿ, ಅವಳ ಸೊಂಟನೋವು, ಕಿಟಕಿ, ಎಲ್ಲವನ್ನೂ ಬರೆದೆ. ಅರೆ ನಿಮಿಷದಲ್ಲಿ ಉತ್ತರ ಬಂತು.

"ನಿಮ್ಮ ಕಳವಳ ನಮಗೆ ಅರ್ಥವಾಗುತ್ತದೆ. ನಿಮ್ಮ ಆಸ್ತಿ ಸುರಕ್ಷಿತವಾಗಿದೆ. ನಿರ್ಬಂಧ ತೆರವಾದ ಬಳಿಕ ಸೇವೆ ಮುಂದುವರಿಯುವುದು. ನಿಮ್ಮ ತಾಳ್ಮೆಗೆ ಧನ್ಯವಾದ."

ಅರೆ ನಿಮಿಷದಲ್ಲಿ ನಾಲ್ಕು ಪುಟ ಯಾವ ಮನುಷ್ಯ ಓದುತ್ತಾನೆ? ಮತ್ತೆ ಬರೆದೆ. ಅದೇ ಬಂತು. ಬರೀ ಬೈಗುಳ ಬರೆದೆ. ಅದಕ್ಕೂ ಧನ್ಯವಾದ ಬಂತು.

ಮಾರ್ಚ್ 18, ಮಂಗಳವಾರ

ತಂಗಿಯ ಫೋನ್. ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ ಎತ್ತಿದೆ.

"ಅಣ್ಣ, ಇಲ್ಲೆಲ್ಲಾ ಒಂಥರಾ ಸುದ್ದಿ ಬರ್ತಿದೆ. ನಮ್ದಕ್ಕೇನೂ ಆಗಿಲ್ಲ ತಾನೆ?"

ನಾಲಿಗೆ ತುದಿಯವರೆಗೆ ಬಂದಿತ್ತು. "ನಮ್ದು ನಿನ್ನ ವಿಳಾಸದಲ್ಲೇ ಇದೆಯಲ್ಲ ಮಾರಾಯ್ತಿ, ಯಾವ ಭಯವೂ ಇಲ್ಲ" ಎಂದೆ.

ಆ ಕಡೆ ಮಾತೇ ಇಲ್ಲ. ಲೈನು ಹೋಯಿತೇನೋ ಎಂದು ಎರಡು ಸಲ ಹಲೋ ಎಂದೆ.

"ಹೂಂ, ಕೇಳಿಸ್ತು. ಹಾಗಾದ್ರೆ ಸರಿ ಬಿಡು ಅಣ್ಣ" ಎಂದಳು. ಊಟ ಆಯಿತಾ ಎಂದು ಕೇಳಿ ಇಟ್ಟಳು. ಈಚೆಗೆ ಆ ದೇಶದ ಲೈನು ಸರಿಯಿಲ್ಲ.

ಮಾರ್ಚ್ 24, ಸೋಮವಾರ

ಗುಂಡಿ ಇನ್ನೂ ಬೂದಿ ಬಣ್ಣ. ಕೊಡೆ ತಾತ ಬಂದಿದ್ದರು. ಇಲ್ಲ ಎಂದೆ.

ಏಪ್ರಿಲ್ 1, ಮಂಗಳವಾರ

ಗೋಂದು ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದ. ಅವನ ದುಡ್ಡೆಲ್ಲ ಹೊರಗೆ ಬಂದಿದೆ. "ಸುಳ್ಳು ಹೇಳೋದಕ್ಕೂ ತಾಕತ್ತು ಬೇಕು ರಾಯರೇ, ನಿಮ್ಮಂಥೋರ ಕೈಲಿ ಆಗಲ್ಲ" ಎಂದ. ನನ್ನ ಕಥೆ ಅವನಿಗೆ ಗೊತ್ತಿಲ್ಲ. ಸುಮ್ಮನೆ ಅಂದ ಮಾತು. ಆದರೂ ಚರ್ರೆಂದಿತು. ಆ ಚಪ್ಪಲಿಯ ಮೇಲೆ ಅಂಟಿನ ಡಬ್ಬಿ ಚೆಲ್ಲಿತು. ಕೈ ತಾಗಿ ಬಿತ್ತು ಎಂದೆ.

ಮೂವತ್ತು ವರ್ಷ ಇನ್ನೊಬ್ಬರ ಕಾಗದ ಮುಟ್ಟದೆ, ಇನ್ನೊಬ್ಬರ ಗುಟ್ಟು ಆಡದೆ, ಒಂದು ಅಂಕೆ ತಪ್ಪು ಬರೆಯದೆ ಬಾಳಿದ್ದಕ್ಕೆ ಸಿಕ್ಕಿದ್ದು ಇದು. ದ್ವೀಪದ ಹೋಟೆಲಿನಲ್ಲಿರುವವನು ಗೆದ್ದ. ನಾನೇ ನನ್ನ ಕೈಯಾರೆ ತಂಗಿಯ ತಲೆಯ ಮೇಲೆ ಕಲ್ಲು ಹಾಕಿದೆ.

ಒಮ್ಮೊಮ್ಮೆ ಅವಳ ಮೇಲೂ ಸಿಟ್ಟು ಬರುತ್ತದೆ. ಒಂದು ದಿನವಾದರೂ ಲೆಕ್ಕ ಕೇಳಿದ್ದಾಳಾ? ಒಮ್ಮೆ ಕೇಳಿದ್ದರೆ, ವಿಳಾಸ ಮುಟ್ಟಬೇಡ ಅಂದಿದ್ದರೆ. ನನ್ನನ್ನು ಇಷ್ಟು ನಂಬು ಎಂದು ನಾನು ಹೇಳಿದ್ದೆನಾ?

ಏಪ್ರಿಲ್ 9, ಬುಧವಾರ

ಬಾಯಲ್ಲಿ ಹೇಳಲಾಗದು, ಬರೆದು ಹೇಳುತ್ತೇನೆ. ಊಟದ ಬಿಡುವಿನಲ್ಲಿ ಕೂತು ಬರೆದೆ. "ತಪ್ಪು ನನ್ನದು. ಯಾರೂ ಮೋಸ ಮಾಡಿಲ್ಲ, ಯಾರೂ ಕದ್ದಿಲ್ಲ. ನಾನು ಸರಿ ಮಾಡಲು ಹೋಗಿ ನಿನ್ನ ಮನೆ ಕಳೆದೆ." ಅವಳ ವಿಳಾಸ ಕೆಂಪು ಶಾಯಿಯಲ್ಲಿ ಬರೆದೆ, ಅಂಟಿಸಿದೆ, ಡಬ್ಬಿಗೆ ಹಾಕಿದೆ.

ಹತ್ತು ದಿನದಲ್ಲಿ ತಲುಪುತ್ತದೆ. ಎದೆಯ ಭಾರ ಇಳಿದ ಹಾಗಾಯಿತು. ಇಳಿದದ್ದು ಎಲ್ಲಿಗೆ ಹೋಗಿ ಕೂರುತ್ತದೆ ಎಂಬ ಯೋಚನೆ ಆಮೇಲೆ ಬಂತು.

ಏಪ್ರಿಲ್ 14, ಸೋಮವಾರ

ಹೊರದೇಶದ ಅಂಚೆಯೂ ನಿಂತಿತು. ಹದಿನೇಳು ದೇಶಗಳ ಪಟ್ಟಿ, ಆರನೆಯದು ತಂಗಿಯದು. ಹೋಗಬೇಕಿದ್ದ ಚೀಲಗಳು ಬಂದರಿನಿಂದ ನಮ್ಮ ಕೋಣೆಗೇ ಹಿಂದಿರುಗುತ್ತವೆ. ಪ್ರತಿಯೊಂದಕ್ಕೂ ಮೊಹರು ಒತ್ತಿ ಕಳಿಸಿದವರಿಗೆ ವಾಪಸು ಮಾಡಬೇಕು. ಹೊಸ ಮೊಹರು ಬಂದಿದೆ, ಮರದ ಹಿಡಿಯದು: "ಸೇವೆ ಸ್ಥಗಿತ." ನನಗೇ ಕೊಟ್ಟರು.

ಅಲ್ಲಿ ನನ್ನ ಖಾತೆಗೆ ಇದನ್ನೇ ಒತ್ತಿದವರು ಯಾರೆಂದು ಗೊತ್ತಿಲ್ಲ. ಇಲ್ಲಿ ಊರಿಗೆಲ್ಲ ಒತ್ತುವವನು ನಾನು.

ಏಪ್ರಿಲ್ 21, ಸೋಮವಾರ

ದಿನಕ್ಕೆ ಎರಡು ಸಾವಿರ ಮೊಹರು. ಬಲ ಭುಜ ಹಿಡಿದುಕೊಂಡಿದೆ. ಊರೊಳಗಿನ ತಪ್ಪು ವಿಳಾಸದ ಕಾಗದಗಳನ್ನು ನೋಡಲು ಪುರುಸೊತ್ತಿಲ್ಲ. "ಮೂಲೆಮನೆ ಚಿಕ್ಕಪ್ಪ, ದೊಡ್ಡ ನಲ್ಲಿಯ ಹತ್ತಿರ" ಎಂದು ಒಂದು ಕಾರ್ಡು ಬಂದಿತ್ತು. ಸುಡುವ ಚೀಲಕ್ಕೆ ಹಾಕಿದೆ. ಬೇಕಾದವರು ಸರಿಯಾಗಿ ಬರೆಯಲಿ.

ಏಪ್ರಿಲ್ 26, ಶನಿವಾರ

ಚೀಲ ಸುರಿದಾಗ ಕೆಂಪು ಶಾಯಿ ಕಂಡಿತು. ನನ್ನದೇ ಕಾಗದ.

ನಾನು ಕೆಂಪಿನಲ್ಲಿ ಬರೆದದ್ದು ಮೂವತ್ತು ವರ್ಷದಲ್ಲಿ ಮೊದಲ ಸಲ ವಾಪಸು ಬಂದಿದೆ. ಎದೆ ಧಸಕ್ಕೆನ್ನಬೇಕಿತ್ತು. ಸುಳ್ಳೇಕೆ, ಸಮಾಧಾನವಾಯಿತು. ಅವಳಿನ್ನೂ ಓದಿಲ್ಲ. ಉಳಿದವುಗಳಿಗೆ ಒತ್ತಿದ ಹಾಗೆಯೇ ಅದಕ್ಕೂ ಮೊಹರು ಒತ್ತಿದೆ, ಕಳಿಸಿದವನ ಹೆಸರಿಗೆ ವಾಪಸು ಮಾಡಿದೆ, ಅಂಗಿಯ ಜೇಬಿಗೆ ಹಾಕಿಕೊಂಡೆ. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿದೆ.

ಸಂಜೆ ಅವಳ ಫೋನ್. ಮೇ ಎರಡಕ್ಕೆ ವಿಮಾನ, ಮಧ್ಯೆ ಇನ್ನೊಂದು ದೇಶದಲ್ಲಿ ಇಳಿದು ಹತ್ತಬೇಕು.

"ಟೀಚರಮ್ಮಂಗೆ ಕೊಟ್ಟಾಯ್ತಾ ಅಣ್ಣ?"

"ದಾರಿಯಲ್ಲಿದೆ."

"ಅವಸರ ಏನಿಲ್ಲ. ಆಗ್ಲಿಲ್ಲ ಅಂದ್ರೂ... ನೋಡು, ಮನೆ ಏನು ಓಡಿ ಹೋಗತ್ತಾ?"

ಓಡಿ ಹೋಗುತ್ತದೆ. ಅದಕ್ಕೆ ಇನ್ನು ನಾಲ್ಕೇ ದಿನ. ಇವಳಿಗೆ ಇದೂ ತಿಳಿಯುವುದಿಲ್ಲವಲ್ಲ ಎಂದು ರೇಗಿತು.

ಏಪ್ರಿಲ್ 28, ಸೋಮವಾರ

ಕೊಡೆ ತಾತ ಮತ್ತೆ ಬಂದರು. ಏಳು ವಾರವಾಯಿತಂತೆ ಕಾಗದವಿಲ್ಲದೆ. ಹೊರಗಿನದು ಏನೂ ಬರುವುದಿಲ್ಲ ಎಂದೆ. ಯಾವಾಗ ಬರುತ್ತದೆ ಎಂದರು. ನಿರ್ಬಂಧ ತೆರವಾದ ಬಳಿಕ ಸೇವೆ ಮುಂದುವರಿಯುವುದು ಎಂದೆ. ಅವರು ಕೊಡೆಯ ಹಿಡಿ ತಿರುಗಿಸುತ್ತ ನಿಂತೇ ಇದ್ದರು. ಹಿಂದೆ ಸಾಲು ಬೆಳೆಯುತ್ತಿತ್ತು. "ನಿಮ್ಮ ಕಳವಳ ನಮಗೆ ಅರ್ಥವಾಗುತ್ತದೆ. ನಿಮ್ಮ ತಾಳ್ಮೆಗೆ ಧನ್ಯವಾದ" ಎಂದೆ.

ಗೋಂದು ಅಂಟಿಸುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದ. ಯಾಕೆ ಹಾಗೆ ನೋಡಿದನೋ. ಮರ್ಯಾದೆಯಾಗಿಯೇ ಮಾತಾಡಿದ್ದೆ.

ಏಪ್ರಿಲ್ 30, ಬುಧವಾರ

ಟೀಚರಮ್ಮನ ಮನೆಗೆ ಹೋಗಿದ್ದೆ. ಒಳ್ಳೆಯ ಹೆಂಗಸು, ಕೂರಿಸಿದರು. "ನಾನೂ ಮಗಳ ಹತ್ರ ಹೋಗ್ಬೇಕು ಕಣ್ರೀ, ಕಾಯೋಕಾಗಲ್ಲ. ಬೇರೆಯವರು ಕೈಯಲ್ಲಿ ದುಡ್ಡು ಹಿಡ್ಕೊಂಡು ನಿಂತಿದ್ದಾರೆ" ಎಂದರು. ಮುಂಗಡದಲ್ಲಿ ಅರ್ಧ ವಾಪಸು ಕೊಟ್ಟರು, ಕರಾರಿನಲ್ಲಿ ಅದೂ ಇರಲಿಲ್ಲ.

ಹೊರಡುವ ಮುಂಚೆ ಅಡುಗೆಮನೆಯ ಕಿಟಕಿ ಒಮ್ಮೆ ನೋಡಲೇ ಎಂದು ಕೇಳಿದೆ. ನೋಡಿದೆ. ಪಕ್ಕದ ಮನೆಯ ಗೋಡೆ. ನೀರು ಇಳಿದು ಒಂದು ಉದ್ದನೆಯ ಕಲೆ, ಮೇಲೆ ಒಂದು ಪೈಪು. ಎಷ್ಟು ಹೊತ್ತು ನಿಂತಿದ್ದೆನೋ, ಆಕೆ ಬಂದು "ಹುಷಾರಾಗಿದೀರಾ?" ಎಂದು ಕೇಳಿದರು. ನನಗೆ ಅಳು ಬಂತು. ಐವತ್ತನಾಲ್ಕು ವರ್ಷದ ಗಂಡಸು, ಪರರ ಅಡುಗೆಮನೆಯಲ್ಲಿ ನಿಂತು ಅತ್ತೆ.

ಬಂದು ಖಾತೆ ನೋಡಿದರೆ ಅದರ ಬೆಲೆ ಏರಿದೆ. ಗಾಜಿನಾಚೆಗೆ ಇಟ್ಟು ಬೆಳೆಸುತ್ತಿದ್ದಾರೆ.

ಮೇ 2, ಶುಕ್ರವಾರ

ಬಂದಳು. ಹನ್ನೊಂದು ವರ್ಷ ಎರಡು ಸೂಟ್‌ಕೇಸಿನಲ್ಲಿ ಹಿಡಿದಿದೆ. ಸೊಂಟ ಬಾಗಿದೆ, ಕೂದಲಿಗೆ ಬಣ್ಣ ಹಾಕುವುದನ್ನು ಬಿಟ್ಟಿದ್ದಾಳೆ. ಟ್ಯಾಕ್ಸಿ ಹತ್ತಿದಾಗ ಟೀಚರಮ್ಮನ ಮನೆಯ ದಾರಿ ಹಿಡಿಯಲು ಹೇಳುತ್ತಾಳೇನೋ ಎಂದು ಉಸಿರು ಬಿಗಿಹಿಡಿದಿದ್ದೆ. ಹೇಳಲಿಲ್ಲ. ನೇರ ನನ್ನ ಕೋಣೆಗೆ ಬಂದು, ಮಂಚದ ಪಕ್ಕದ ಜಾಗವನ್ನು ಗೇಣಿನಲ್ಲಿ ಅಳೆದು, "ಇಲ್ಲೊಂದು ಚಾಪೆ ಹಿಡಿಯತ್ತೆ" ಎಂದಳು.

ಮೇ 3, ಶನಿವಾರ

ಒಗೆಯಲು ನನ್ನ ಅಂಗಿ ತೆಗೆದುಕೊಂಡಳು. ಜೇಬು ನೋಡಿದಳು. ನಾನು ತಡೆಯುವಷ್ಟರಲ್ಲಿ ಕಾಗದ ಅವಳ ಕೈಯಲ್ಲಿತ್ತು, ಮೇಲೆ ಅವಳದೇ ಹೆಸರು. ಬಕೆಟ್ಟಿನ ಪಕ್ಕ ಸ್ಟೂಲಿನ ಮೇಲೆ ಕೂತು ಪೂರ್ತಿ ಓದಿದಳು. ಮಡಚಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಂಗೆ ಗೊತ್ತಿತ್ತು ಅಣ್ಣ."

"ಏನು ಗೊತ್ತಿತ್ತು?"

"ಅವತ್ತು ನನ್ನ ಫೋನಿಗೇ ಮೆಸೇಜ್ ಬಂತು. ವಿಳಾಸ ಬದಲಾಯಿಸಿದ್ದು ನೀವೇನಾ, ಹೌದು ಅಥವಾ ಅಲ್ಲ ಒತ್ತಿ ಅಂತ. ಅಜ್ಜಿಗೆ ಸ್ನಾನ ಮಾಡಿಸ್ತಾ ಇದ್ದೆ. ಒದ್ದೆ ಕೈಯಲ್ಲೇ ಹೌದು ಒತ್ತಿದೆ. ಓದಲೂ ಇಲ್ಲ ಸರಿಯಾಗಿ. ನಮ್ಮಣ್ಣ ವಿಳಾಸ ತಪ್ಪು ಬರೀತಾನಾ ಅಂದ್ಕೊಂಡೆ."

ಮಡಚಿದ ಕಾಗದವನ್ನು ನನ್ನ ಕೈಗೆ ಕೊಟ್ಟಳು.

"ಒಂದು ಸಲ ಅಲ್ಲ ಅಂತ ಒತ್ತಿದ್ರೆ ಮುಗೀತಿತ್ತು. ನಾನೇ ನನ್ನ ಮನೇನ ಒದ್ದೆ ಕೈಯಲ್ಲಿ ಕಳಕೊಂಡೆ. ನಿಂಗೆ ಗೊತ್ತಾದ್ರೆ ನೀನು ಎಷ್ಟು ನೊಂದ್ಕೋತೀಯೋ ಅಂತ ಸುಮ್ನಿದ್ದೆ. ಫೋನಲ್ಲಿ ನೀನು ನನ್ನ ವಿಳಾಸದಲ್ಲೇ ಇದೆ ಅಂದಾಗ, ಅಯ್ಯೋ ಪಾಪ, ನನಗೋಸ್ಕರ ಸುಳ್ಳು ಹೇಳೋದು ಕಲಿತನಲ್ಲ ಅಂತ ಅಳು ಬಂತು."

ಅವಳಿಗೋಸ್ಕರ ಅಲ್ಲ. ನನಗೋಸ್ಕರ. ಅದನ್ನೂ ಹೇಳಲಿಲ್ಲ.

ಎದ್ದು ಅಂಗಿ ನೆನೆಹಾಕಿದಳು. ಫೋನಿನ ಲೈನು ಯಾವತ್ತೂ ಕೆಟ್ಟಿರಲಿಲ್ಲ.

ಮೇ 5, ಸೋಮವಾರ

ಹೊರದೇಶದಿಂದ ಮರಳಿದವರು ಮೂರು ದಿನದೊಳಗೆ ಹೆಸರು ನೋಂದಾಯಿಸಬೇಕು. ಫಾರಂ ತಂದಿದ್ದೆ. ಬೆಳಿಗ್ಗೆ ಸೂಟ್‌ಕೇಸನ್ನೇ ಮೇಜು ಮಾಡಿಕೊಂಡು ತುಂಬಲು ಕೂತಳು. ಹೆಸರು, ವಯಸ್ಸು, ಕಸುಬು, ಎಲ್ಲ ಸರಸರ ಬರೆದಳು. ಒಂದು ಕಡೆ ನಿಂತಳು.

"ಅಣ್ಣ, ಖಾಯಂ ವಿಳಾಸ ಅಂತಿದೆ. ಏನ್ ಬರೀಲಿ?"

ಫಾರಂ ತೆಗೆದುಕೊಂಡೆ. ಊರಿನ ಯಾವ ಬೇಕರಿಯ ಹಿಂದೆ ಯಾವ ಬಣ್ಣದ ಗೇಟಿದೆ ಎಂದು ಬಲ್ಲವನು ನಾನು. ಆ ಒಂದು ಗೆರೆಯ ಮುಂದೆ ಬಹಳ ಹೊತ್ತು ಕೂತೆ. ತಿಂಗಳ ಬಾಡಿಗೆಯ ಈ ಕೋಣೆಯ ವಿಳಾಸವನ್ನೇ ಬರೆದು ಕೊಟ್ಟೆ.

"ಪೆನ್ಸಿಲಲ್ಲಿ ಬರ್ದಿದೀಯಲ್ಲೋ" ಎಂದಳು.

ಕೈ ನೋಡಿಕೊಂಡೆ. ಹೌದು, ಪೆನ್ಸಿಲ್.

"ಪೆನ್ಸಿಲಲ್ಲಿ ಬರೆದ್ರೆ ತಗೋತಾರಾ? ನಿನ್ನ ಕೆಂಪು ಪೆನ್ನು ಎಲ್ಲಿ?"

ಜೇಬಿನಲ್ಲಿತ್ತು. ಗೀಚಿ ನೋಡಿದಳು, ಶಾಯಿ ಒಣಗಿತ್ತು. ತನ್ನ ಬ್ಯಾಗಿನಿಂದ ಪೆನ್ನು ತೆಗೆದು, ಕನ್ನಡಕವನ್ನೂ ಹಾಕಿಕೊಳ್ಳದೆ, ನನ್ನ ಅಕ್ಷರಗಳ ಮೇಲೆಯೇ ಒತ್ತಿ ಒತ್ತಿ ತಿದ್ದತೊಡಗಿದಳು. ಮನೆ ನಂಬರು ಸರಿಯಾಗಿ ಬರೆದಿದ್ದೆನೋ ಇಲ್ಲವೋ ನನಗೇ ಖಾತ್ರಿಯಿರಲಿಲ್ಲ. ಒಮ್ಮೆ ಓದಿ ನೋಡು ಎಂದು ಹೇಳಬೇಕೆನಿಸಿತು.

ಈ ಸಲವೂ ಅವಳು ಓದಿ ನೋಡಲಿಲ್ಲ.